ಉಲ್ಬಾ ಕಾರ್ಖಾನೆಯ ಉಗ್ರಾಣ

1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವು ವಿಸರ್ಜನೆಗೊಂಡಾಗ ಅದರ ಅಣ್ವಸ್ತ್ರಗಳ ಒಂದು ಪಾಲು ಕಝಾಕಸ್ತಾನದ ನೆಲದಲ್ಲಿಯೇ ಉಳಿಯಿತು. ಸಾವಿರಕ್ಕೂ ಮಿಕ್ಕಿದ ಆ ಸಿಡಿತಲೆಗಳ ಸಂಗತಿ ಜಗತ್ತಿಗೆ ತಿಳಿದಿತ್ತು. ಆದರೆ ಉಸ್ತ್-ಕಾಮೆನೊಗೊರ್ಸ್ಕ್ ನಗರದ ಉಲ್ಬಾ ಲೋಹ ಕಾರ್ಖಾನೆಯಲ್ಲಿದ್ದ ಸುಮಾರು 600 ಕಿಲೋಗ್ರಾಂ ಯುರೇನಿಯಂ ಹೊರಗಿನವರ ಗಮನಕ್ಕೆ ಬಂದಿರಲಿಲ್ಲ. ಅದು ಜಲಾಂತರ್ಗಾಮಿ ನೌಕೆಗಳ ಇಂಧನಕ್ಕೆಂದು ಸಿದ್ಧಪಡಿಸಿ, ಯೋಜನೆ ಕೈಬಿಟ್ಟ ಮೇಲೆ ಉಳಿದುಹೋದ ಸರಕು. ಯಜಮಾನನಿಲ್ಲದ ಅಂಗಡಿಯ ಹಳೆಯ ದಾಸ್ತಾನಿನಂಥದು. ಇಪ್ಪತ್ತು ಬಾಂಬುಗಳಿಗೆ ಸಾಲುವಷ್ಟಿದ್ದ ಈ ದ್ರವ್ಯಕ್ಕೆ ಇದ್ದ ಮುಖ್ಯ ರಕ್ಷಣೆ ಬಾಗಿಲಿನ ಒಂದು ಬೀಗ!

ಹೊಸ ರಾಷ್ಟ್ರದ ಬೊಕ್ಕಸ ಬರಿದಾಗಿತ್ತು. ಇಂಥ ಸರಕಿಗೆ ಗುಟ್ಟಾಗಿ ಬೆಲೆ ಕಟ್ಟುವವರು ದೊರೆಯುವುದು ಕಷ್ಟವಿರಲಿಲ್ಲ. ಆದರೆ 1949ರಿಂದ 1989ರವರೆಗೆ ಸೆಮಿಪಲಾಟಿನ್‌ಸ್ಕ್ ಪರೀಕ್ಷಾ ನೆಲೆಯಲ್ಲಿ 450ಕ್ಕೂ ಹೆಚ್ಚು ಸ್ಫೋಟಗಳನ್ನು ಸಹಿಸಿದ ಜನ ಅವರು. ಆ ನೆಲೆಯನ್ನು 1991ರ ಆಗಸ್ಟಿನಲ್ಲಿಯೇ ಮುಚ್ಚಿದ್ದರು. 1994ರಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೂ ಸೇರಿದರು. ಅಧ್ಯಕ್ಷ ನಜರ್‌ಬಾಯೆವರ ಸರ್ಕಾರವು ದಾಸ್ತಾನಿನ ವಿಷಯವನ್ನು ಮುಚ್ಚಿಡದೆ ಅಮೆರಿಕಕ್ಕೆ ತಿಳಿಸಿತು. ಪ್ರತಿಯಾಗಿ ಹಣ ಮತ್ತು ಸಾಮಗ್ರಿಗಳ ನೆರವು ದೊರೆಯಿತು. ಇದನ್ನು ಕೇವಲ ತ್ಯಾಗವೆನ್ನಲಾಗದು; ಆದರೆ ಗುಟ್ಟಿನ ಲಾಭವನ್ನು ಬಿಟ್ಟು ನ್ಯಾಯವಾದ ಬೆಲೆಗೆ ಒಪ್ಪುವುದೂ ಸಣ್ಣ ಸಂಗತಿಯಲ್ಲ.

1994ರ ಅಕ್ಟೋಬರಿನಲ್ಲಿ 31 ಮಂದಿ ಅಮೆರಿಕನ್ ತಜ್ಞರು ಗುಟ್ಟಾಗಿ ಅಲ್ಲಿಗೆ ಬಂದರು. ವಾರಕ್ಕೆ ಆರು ದಿನ, ದಿನಕ್ಕೆ ಹನ್ನೆರಡು ಗಂಟೆ ದುಡಿದು, ಪ್ರತಿಯೊಂದು ಡಬ್ಬಿಯನ್ನೂ ತೂಗಿ, ಪರೀಕ್ಷಿಸಿ, ಪಟ್ಟಿಯಲ್ಲಿ ಬರೆದುಕೊಂಡರು. ತೂಕದಲ್ಲಿ ಬರುವ ಅಲ್ಪ ವ್ಯತ್ಯಾಸವನ್ನು ಕಿರಾಣಿ ವ್ಯಾಪಾರಿ ಸವಕಳಿಯೆಂದು ಲೆಕ್ಕದಿಂದ ತೆಗೆದುಹಾಕಬಹುದು. ಇಲ್ಲಿ ಆ ಸೌಕರ್ಯವಿಲ್ಲ, ಕಾಣೆಯಾದ ಕೆಲವು ಕಿಲೋಗ್ರಾಂಗಳು ಒಂದು ನಗರದ ಅಳಿವು ಉಳಿವಿನ ಪ್ರಶ್ನೆ. ಕೊನೆಗೆ 448 ಸಾಗಣೆ ಪೀಪಾಯಿಗಳಲ್ಲಿ ಸರಕು ಭದ್ರವಾಯಿತು. ಮಂಜುಗಟ್ಟಿದ ರಸ್ತೆಯಲ್ಲಿ ಕಾರ್ಖಾನೆಯಿಂದ ವಿಮಾನ ನಿಲ್ದಾಣಕ್ಕೆ ಲಾರಿಗಳಲ್ಲಿ ಸಾಗಿಸಿದ್ದೇ ಅತಿ ಆತಂಕದ ಹಂತ. ನವೆಂಬರಿನಲ್ಲಿ ಮೂರು ಬೃಹತ್ ಸಿ-5 ವಿಮಾನಗಳು ಅದನ್ನು ಅಮೆರಿಕದ ಡೆಲವೇರಿಗೆ ಒಯ್ದವು. ಅಲ್ಲಿಂದ ಟೆನೆಸ್ಸಿಯ ಓಕ್ ರಿಡ್ಜ್‌ಗೆ ಭೂಮಾರ್ಗ. ಎಲ್ಲ ಮುಗಿದ ಬಳಿಕವೇ ಸುದ್ದಿ ಹೊರಬಿದ್ದಿತು.

ಸಾವಿರಾರು ಸಿಡಿತಲೆಗಳನ್ನು ತಾನೇ ಇಟ್ಟುಕೊಂಡ ರಾಷ್ಟ್ರ ಪರರ ಉಗ್ರಾಣವನ್ನು ಬರಿದುಮಾಡಿತೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಆ ಬೀಗ ಹಾಗೆಯೇ ಇರಬೇಕಿತ್ತೆಂದು ಯಾರೂ ಹೇಳಲಾರರು.

2017ರಲ್ಲಿ ಇದೇ ಉಲ್ಬಾ ಕಾರ್ಖಾನೆಯ ಆವರಣದಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಹೊಸ ಉಗ್ರಾಣ ತೆರೆಯಿತು. ಅದರಲ್ಲಿರುವುದು ಬಾಂಬಿಗೆ ಒದಗದ, ವಿದ್ಯುತ್ ಸ್ಥಾವರಗಳಿಗೆ ಮಾತ್ರ ಬೇಕಾದ ಯುರೇನಿಯಂ.