ಕನಿಷ್ಠ ವಿಂಡೋಸ್ ಮತ್ತು ಅಜ್ಜನ ಶೆಟ್ಟಿಹಳ್ಳಿ

ಹೋದ ತಿಂಗಳು ಆಫೀಸಿನಲ್ಲಿ ನನಗೆ ಬಂದ ಕೆಲಸ ನೋಡಲು ತುಂಬಾ ಚಿಕ್ಕದು. ನಮ್ಮ ಡೆಸ್ಕ್‌ಟಾಪ್ ತಂತ್ರಾಂಶ ಓಡಲು ಬೇಕಾದ ಕನಿಷ್ಠ ವಿಂಡೋಸ್ ಆವೃತ್ತಿಯನ್ನು 7ರಿಂದ 10ಕ್ಕೆ ಏರಿಸಬೇಕು, ಅಷ್ಟೇ. ಇನ್‌ಸ್ಟಾಲರ್‌ನಲ್ಲಿ ಒಂದು ಸಾಲು ಬದಲಿಸಿದರೆ ಆಯ್ತು! ಅದೇ ವಾರ ಚಿಕ್ಕಪ್ಪನ ಫೋನ್ ಬರದಿದ್ದರೆ ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದೆನೇನೋ...

ನಮ್ಮೂರು ಹಾಸನದ ಹತ್ತಿರದ ಶೆಟ್ಟಿಹಳ್ಳಿ. ಅದೇ ಸ್ವಾಮಿ, ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗುವ ಚರ್ಚ್ ಇರುವ ಊರು. 1979ರಲ್ಲಿ ಪೂರ್ಣಗೊಂಡ ಗೊರೂರು ಅಣೆಕಟ್ಟಿನಿಂದಾಗಿ ಹಳೇ ಊರು ಬಿಟ್ಟು ಎದ್ದವರಲ್ಲಿ ನಮ್ಮಜ್ಜನೂ ಒಬ್ಬರು. ಯಾರ ಮನೆ ಎಲ್ಲಿತ್ತು, ಬಾವಿ ಎಲ್ಲಿತ್ತು, ಯಾವ ಹೊಲಕ್ಕೆ ಏನು ಹೆಸರು ಅಂತೆಲ್ಲ ಅಜ್ಜ 2004ರಲ್ಲಿ ಹೇಳಿದ್ದನ್ನು ಚಿಕ್ಕಪ್ಪ ತಮ್ಮ ಡಿಟಿಪಿ ಅಂಗಡಿಯಲ್ಲಿ ಕೂತು ನುಡಿಯಲ್ಲಿ ಟೈಪ್ ಮಾಡಿದ್ದರು. ಮೂವತ್ತೊಂದು ಪುಟ. ಅಜ್ಜ ಈಗಿಲ್ಲ. ಚಿಕ್ಕಪ್ಪನ ಎಕ್ಸ್‌ಪಿ ಕಂಪ್ಯೂಟರ್ ಮೊನ್ನೆ ಕೆಟ್ಟಿತು. ಪುಣ್ಯಕ್ಕೆ ಹಾರ್ಡ್ ಡಿಸ್ಕ್ ಉಳಿದಿತ್ತು. ಫೈಲನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿ ತೆರೆದರೆ ಟೊಪ್ಪಿ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಾಲು! "ಎಲ್ಲಾ ಹೋಯ್ತು ಕಣೋ" ಅಂದರು.

ಹೀಗ್ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ವಿಂಡೋಸ್ 95, 98ಗಳಿಗೆ ಕನ್ನಡ ಎಂಬ ಲಿಪಿ ಇದೆಯೆಂದೇ ಗೊತ್ತಿರಲಿಲ್ಲ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಆಮೇಲೆ ಬಂದ ಕನ್ನಡ ಗಣಕ ಪರಿಷತ್ತಿನ ನುಡಿ, ಇವೆಲ್ಲ ಒಂದು ಉಪಾಯ ಮಾಡಿದವು. ರೋಮನ್ ಅಕ್ಷರಗಳಿಗೆಂದು ಇದ್ದ 256 ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ತಲೆಕಟ್ಟಿಗೊಂದು ಮನೆ, ಒತ್ತಿಗೊಂದು ಮನೆ. ಯಾವ ಹಳೇ ಕಂಪ್ಯೂಟರಿನಲ್ಲಾದರೂ ಕೆಲಸ ನಡೆಯುತ್ತಿತ್ತು. ಆದರೆ ಕನ್ನಡ ಇದ್ದದ್ದು ಫಾಂಟಿನಲ್ಲಿ, ಫೈಲಿನಲ್ಲಿ ಅಲ್ಲ.

ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಜಾಗ ಸಿಕ್ಕರೆ ಸಾಕೇ? ಗುಣಿತಾಕ್ಷರ, ಒತ್ತಕ್ಷರಗಳನ್ನು ಜೋಡಿಸಿ ತೋರಿಸುವ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್ ಕಲಿಯಬೇಕಿತ್ತು. ವಿಂಡೋಸ್ 2000 ದೇವನಾಗರಿ, ತಮಿಳನ್ನಷ್ಟೇ ಕಲಿತು ಬಂತು. ಕನ್ನಡದ ಸರದಿ ಬಂದದ್ದು 2001ರ ಅಕ್ಟೋಬರ್‌ನ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆಗೆ. ಆಗಲೂ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದು ಟಿಕ್ ಹಾಕಬೇಕು, ಎಕ್ಸ್‌ಪಿ ಸಿಡಿ ಹುಡುಕಬೇಕು. ಹಳೇ ಬ್ಲಾಗಿಗರಿಗೆ ಇದು ಚೆನ್ನಾಗಿ ನೆನಪಿರುತ್ತೆ :)

ಅಂದರೆ "ಕನಿಷ್ಠ ಎಕ್ಸ್‌ಪಿ ಬೇಕು" ಎನ್ನುವ ಮಾತು ಕನ್ನಡಿಗರಿಗೆ ಒಂದು ಬಾಗಿಲೇ ಆಗಿತ್ತು. 2003ರ ಕನ್ನಡ ವಿಕಿಪೀಡಿಯ, 2005ರ ಸಂಪದ, ಆ ಕಾಲದ ಬ್ಲಾಗುಗಳು ಎಲ್ಲ ಆ ಬಾಗಿಲಿನಿಂದಲೇ ಬಂದವು. ಇನ್ನೂ 98 ಇಟ್ಟುಕೊಂಡಿದ್ದವರಿಗೆ ಕಂಡದ್ದು ಬರೀ ಚೌಕ.

ಮುಂದೆ ಎಕ್ಸ್‌ಪಿಯದೂ ಅದೇ ಕಥೆ. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. 2015ರಲ್ಲಿ ಪೈಥಾನ್ 3.5, 2016ರಲ್ಲಿ ಕ್ರೋಮ್ ಅದನ್ನು ಬಿಟ್ಟವು. ಫೈರ್‌ಫಾಕ್ಸ್ ಮಾತ್ರ ಸ್ವಲ್ಪ ಮರ್ಯಾದೆಯಿಂದ ನಡೆದುಕೊಂಡಿತು. 2017ರಲ್ಲಿ ಎಕ್ಸ್‌ಪಿ ಬಳಕೆದಾರರನ್ನು ದೀರ್ಘ ಬೆಂಬಲದ 52ನೇ ಆವೃತ್ತಿಗೆ ತಾನೇ ದಾಟಿಸಿ, 2018ರವರೆಗೆ ಸುರಕ್ಷತಾ ತೇಪೆಗಳನ್ನು ಕೊಟ್ಟಿತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, 10ರ ಸಾಮಾನ್ಯ ಬೆಂಬಲಕ್ಕೆ 2025ರ ಅಕ್ಟೋಬರ್ 14ರಂದು ತೆರೆ ಬಿತ್ತು.

ಏರಿಸುವವರನ್ನು ನಾನು ಬೈಯಲಾರೆ, ನಾನೂ ಅವರಲ್ಲೊಬ್ಬ! ಬೆಂಬಲ ಕೊಡುವ ಪ್ರತಿ ಹಳೇ ಆವೃತ್ತಿಯ ಮೇಲೂ ಪರೀಕ್ಷೆ ನಡೆಸಬೇಕು. ನಾವು ಬಳಸುವ ಲೈಬ್ರರಿಗಳೇ ಕೈಬಿಟ್ಟ ಮೇಲೆ ನಾವೊಬ್ಬರೇ ಎಷ್ಟು ದಿನ ನಿಲ್ಲೋದು? ತೇಪೆ ಬಾರದ ಸಿಸ್ಟಮ್ ಬಳಕೆದಾರರಿಗೂ ಅಪಾಯ. ಆದರೆ ಮನುಷ್ಯ ಹೊಸ ಕಂಪ್ಯೂಟರ್ ಕೊಂಡು ಮೇಲಕ್ಕೆ ಬರುತ್ತಾನೆ, ಫೈಲು ತಾನಾಗಿ ಹತ್ತಿ ಬರೋದಿಲ್ಲ. ಯುನಿಕೋಡ್ ಬಂದರೂ ಅದಕ್ಕೂ ಮುಂಚಿನ ಬರವಣಿಗೆ ಹಳೇ ಮನೆಗಳಲ್ಲೇ ಉಳಿಯಿತು. ಇವತ್ತಿಗೂ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಹಾಗೇ ಇದೆ.

ಅಜ್ಜನ ಫೈಲ್ ಹೋಗಿರಲಿಲ್ಲ. ನುಡಿ ಫಾಂಟ್ ಹಾಕಿದೆ, ಅಕ್ಷರ ಎದ್ದು ಬಂದವು. ಪರಿವರ್ತಕದಿಂದ ಯುನಿಕೋಡ್‌ಗೆ ತಂದಾಗ ಕೆಲವು ಕಡೆ ಅರ್ಕಾವತ್ತು, ಒತ್ತುಗಳು ದಾರಿ ತಪ್ಪಿದ್ದವು. ಎರಡು ರಾತ್ರಿ ಫೋನಿನಲ್ಲಿ ಚಿಕ್ಕಪ್ಪನ ಜೊತೆ ಸಾಲುಸಾಲಾಗಿ ತಿದ್ದಿದೆ. ಒಂದು ಹೊಲದ ಹೆಸರು ಮಾತ್ರ ಇಬ್ಬರಿಗೂ ಬಗೆಹರಿಯಲಿಲ್ಲ. ಮೂಲದಲ್ಲೇ ಟೈಪಿಂಗ್ ತಪ್ಪೋ, ಅಥವಾ ಅಜ್ಜ ಹೇಳಿದ್ದೇ ಹಾಗೋ? ಕೇಳೋಣವೆಂದರೆ ಅಜ್ಜ ಇಲ್ಲ. ಹೊಲ ನೀರಿನಡಿ.

ಸೋಮವಾರ ಆಫೀಸಿನಲ್ಲಿ ಮೂರು ವಿಷಯ ಕೇಳಿದೆ. ವಿಂಡೋಸ್ 7ರಲ್ಲಿ ಓಡುವ ಕೊನೆಯ ಆವೃತ್ತಿಯನ್ನು ಅಳಿಸಬಾರದು. ಆ ಆವೃತ್ತಿಯಲ್ಲೇ ಎಲ್ಲ ಮಾಹಿತಿಯನ್ನು ಸಾದಾ ಯುನಿಕೋಡ್ ಪಠ್ಯವಾಗಿ ಹೊರತೆಗೆಯುವ ಬಟನ್ ಇರಬೇಕು. ಬಳಕೆದಾರರಿಗೆ ಮೂರು ತಿಂಗಳು ಮೊದಲೇ ಹೇಳಬೇಕು. ಮ್ಯಾನೇಜರ್ ಎರಡು ವಾರ ತಡವಾಗುತ್ತೆ ಅಂತ ಗೊಣಗಿ, ಕೊನೆಗೆ ಒಪ್ಪಿದರು. ಆ ಒಂದು ಸಾಲನ್ನು ಇನ್ನೂ ಬದಲಿಸಿಲ್ಲ.

ನಿಮ್ಮ ಮನೆಯಲ್ಲೂ ಹಳೇ ಸಿಡಿ, ಪೆನ್ ಡ್ರೈವ್‌ಗಳಲ್ಲಿ ನುಡಿ, ಬರಹದ ಫೈಲುಗಳಿದ್ದರೆ ಈ ಭಾನುವಾರ ಒಮ್ಮೆ ತೆರೆದು ನೋಡಿ. ಹೇಳಿದವರು, ಟೈಪ್ ಮಾಡಿದವರು ಇರುವಾಗಲೇ.