ನೀರುಹಕ್ಕಿ ಬೇಟೆಯ ಕೋವಿ ಮತ್ತು ನಾಯಿಗಳ ಇತಿಹಾಸ

ಜೌಗು, ಕೆರೆ, ಅಳಿವೆಗಳಲ್ಲಿ ಬಾತು ಮತ್ತು ಹೆಬ್ಬಾತುಗಳನ್ನು ಚರೆಕೋವಿಯಿಂದ ಹೊಡೆಯುವುದು ಹವ್ಯಾಸವಾಗಿ ರೂಪುಗೊಂಡದ್ದು ಮುಖ್ಯವಾಗಿ ಬ್ರಿಟನ್ನಿನಲ್ಲಿ. ಅಲ್ಲಿಂದ ಅದು ಉತ್ತರ ಅಮೆರಿಕಕ್ಕೂ ವಸಾಹತುಗಳಿಗೂ ಹರಡಿತು. ಇದರಲ್ಲಿ ಕೋವಿಯ ಚರಿತ್ರೆಯನ್ನೂ ನಾಯಿಯ ಚರಿತ್ರೆಯನ್ನೂ ಬಿಡಿಸಿ ನೋಡಲು ಬರುವುದಿಲ್ಲ. ಕೋವಿಯ ವೇಗ ಮತ್ತು ದೂರ ಹೆಚ್ಚಿದಷ್ಟೂ ಏಟು ತಿಂದು ಜೊಂಡಿನಲ್ಲಿ ಅಡಗುವ ಹಕ್ಕಿಗಳೂ ಹೆಚ್ಚಿದವು. ಅವನ್ನು ಹುಡುಕಿ ತರುವ ಹೊಣೆ ನಾಯಿಯ ಮೇಲೆ ಬಿತ್ತು. ಇಂದು ಮನೆಮನೆಯಲ್ಲಿ ಕಾಣುವ ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್ ತಳಿಗಳು ಈ ಹೊಣೆಯಿಂದಲೇ ಹುಟ್ಟಿದವು.

ಕೋವಿಗೆ ಮುಂಚೆ

ಹಾರುವ ಹಕ್ಕಿಯನ್ನು ಹೊಡೆಯಬಲ್ಲ ಕೋವಿ ಬರುವ ಮೊದಲು ಬಲೆ, ಬಿಲ್ಲು ಮತ್ತು ಡೇಗೆ ಬೇಟೆಗಾರನ ಸಾಧನಗಳಾಗಿದ್ದವು. ಸ್ಪ್ಯಾನಿಯಲ್ ನಾಯಿ ಪೊದೆಯೊಳಗಿನ ಹಕ್ಕಿಯನ್ನು ಎಬ್ಬಿಸುತ್ತಿತ್ತು. ಸೆಟರ್ ನಾಯಿ ಹಕ್ಕಿಯ ವಾಸನೆ ಸಿಕ್ಕೊಡನೆ ನೆಲಕ್ಕೆ ಒರಗಿ ಬಲೆ ಬೀಸಲು ಎಡೆ ಮಾಡಿಕೊಡುತ್ತಿತ್ತು. ಇಂಗ್ಲೆಂಡಿನ ವೈದ್ಯ ಜಾನ್ ಕೇಯಸ್ 1570ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ನಾಯಿಗಳ ಕುರಿತ ಪುಸ್ತಕದಲ್ಲಿ ನೀರುನಾಯಿಯನ್ನು ವರ್ಣಿಸಿದ್ದಾನೆ. ಅದು ಬಾತುಗಳನ್ನಷ್ಟೇ ಅಲ್ಲದೆ ಗುರಿ ತಪ್ಪಿ ನೀರಿಗೆ ಬಿದ್ದ ಬಾಣಗಳನ್ನೂ ಹುಡುಕಿ ತರುತ್ತಿತ್ತು. ಜರ್ವೇಸ್ ಮಾರ್ಕಮ್ 1621ರಲ್ಲಿ ಹಕ್ಕಿ ಬೇಟೆಯ ಬಗ್ಗೆ ಬರೆದ ಕೈಪಿಡಿಯಲ್ಲೂ ಈ ನಾಯಿಗೆ ಜಾಗವಿದೆ.

ಡಚ್ಚರು ಬೇರೊಂದು ಜಾಣ್ಮೆ ಕಂಡುಕೊಂಡಿದ್ದರು. ಕೊಳದಿಂದ ಹೊರಡುವ ಕಾಲುವೆಗಳ ಮೇಲೆ ಬಲೆಯ ಕಮಾನು ಕಟ್ಟಿ, ದಡದ ತಡಿಕೆಗಳ ನಡುವೆ ಕೆಂಚು ಬಣ್ಣದ ಪುಟ್ಟ ನಾಯಿಯೊಂದನ್ನು ಓಡಾಡಿಸುತ್ತಿದ್ದರು. ನರಿಯಂಥ ಪ್ರಾಣಿ ಕಂಡರೆ ಬಾತುಗಳು ಗುಂಪಾಗಿ ಅದರ ಹಿಂದೆ ಬರುತ್ತವೆ. ಹಾಗೆ ಬಂದವು ಕಿರಿದಾಗುತ್ತ ಹೋಗುವ ಬಲೆಯ ಕೊನೆಯಲ್ಲಿ ಸಿಕ್ಕಿಬೀಳುತ್ತಿದ್ದವು. 17ನೆಯ ಶತಮಾನದಲ್ಲಿ ಈ ಉಪಾಯ ಇಂಗ್ಲೆಂಡಿಗೂ ಬಂತು. ಕೆನಡಾದ ನೋವಾ ಸ್ಕಾಟಿಯಾದ ಕೆಂಚುನಾಯಿ ಇಂದಿಗೂ ದಡದಲ್ಲಿ ಕುಣಿದಾಡಿ ಬಾತುಗಳನ್ನು ಸೆಳೆಯುತ್ತದೆ.

ಕನ್ನಡ ನಾಡಿನಲ್ಲೂ ಬೇಟೆನಾಯಿ ಅರಮನೆಯ ಗಮನ ಸೆಳೆದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನಾಯಿ, ಡೇಗೆ ಮತ್ತು ಬೇಟೆ ರಾಜವಿನೋದಗಳಾಗಿ ಬರುತ್ತವೆ. ನಮ್ಮ ಮುಧೋಳ ನಾಯಿ ಮಾತ್ರ ಬೇರೆಯೇ ಕೆಲಸಕ್ಕೆ ಬೆಳೆದದ್ದು. ಕಣ್ಣಿನಿಂದ ಗುರಿ ಹಿಡಿದು ಬಯಲಿನಲ್ಲಿ ಮೊಲವನ್ನು ಅಟ್ಟುವುದು ಅದರ ಹುಟ್ಟುಗುಣ. ನೀರಿಗಿಳಿದು ಬಿದ್ದ ಹಕ್ಕಿಯನ್ನು ತರುವುದು ಅಲ್ಲ.

ಕಿಡಿಕಲ್ಲಿನಿಂದ ಕೇಪಿಗೆ

ಕಿಡಿಕಲ್ಲಿನ ಕೋವಿಯಲ್ಲಿ ಕುದುರೆ ಎಳೆದ ಮೇಲೆ ಮೊದಲು ಹೊರಗಿನ ಬಟ್ಟಲಿನ ಮದ್ದು ಭಗ್ಗೆನ್ನಬೇಕು, ಆಮೇಲೆ ನಳಿಗೆಯೊಳಗಿನದು ಹೊತ್ತಬೇಕು. ಆ ಕ್ಷಣಾರ್ಧದಲ್ಲಿ ಬೆಳಕು ಕಂಡ ಬಾತು ಮುಳುಗಿಬಿಡುತ್ತಿತ್ತು. ತೇವದ ದಿನ ಮದ್ದು ಹೊತ್ತುವುದೇ ಅನುಮಾನ, ನೀರುಹಕ್ಕಿಯ ಬೇಟೆಯಲ್ಲೋ ತೇವವಿಲ್ಲದ ದಿನವೇ ಇಲ್ಲ. ಸ್ಕಾಟ್ಲೆಂಡಿನ ಬೆಲ್ಹೆಲ್ವಿ ಊರಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ತಾನೇ ಹಕ್ಕಿ ಬೇಟೆಗಾರನಾಗಿದ್ದವನು, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದ. ಅದೇ ಮುಂದೆ ತಾಮ್ರದ ಕೇಪಾಗಿ ಮಾರ್ಪಟ್ಟಿತು. ಮಲೆನಾಡಿನ ಕೇಪಿನ ಕೋವಿಯ ಮೂಲವೂ ಇದೇ.

ಈ ಕಾಲದ ದೊಡ್ಡ ಹೆಸರು ಕರ್ನಲ್ ಪೀಟರ್ ಹಾಕರ್ (1786–1853). 1809ರ ತಲವೇರಾ ಯುದ್ಧದಲ್ಲಿ ಗಾಯಗೊಂಡು ಸೈನ್ಯ ಬಿಟ್ಟ ಆತ, ಹ್ಯಾಂಪ್‌ಶೈರಿನ ಕೀಹೇವನ್ ತೀರದಲ್ಲಿ ಬಾತುಗಳ ಹಿಂದೆ ಬಿದ್ದ. 1814ರಲ್ಲಿ ಎಳೆಯ ಬೇಟೆಗಾರರಿಗಾಗಿ ಆತ ಹೊರತಂದ ಪುಸ್ತಕ ಕೋವಿ, ದೋಣಿ, ಉಡುಪು, ನಾಯಿ ಎಲ್ಲದರ ಆಯ್ಕೆಯನ್ನೂ ವಿವರಿಸುತ್ತದೆ. ಚಪ್ಪಟೆ ದೋಣಿಯ ಮೂತಿಗೆ ಕೂರಿಸಿ, ಒಂದೇ ಏಟಿಗೆ ಅರ್ಧ ಕಿಲೋಗೂ ಮಿಕ್ಕಿದ ಚರೆಯನ್ನು ನೀರಿನ ಮೇಲೆ ಕುಳಿತ ಹಿಂಡಿನತ್ತ ಎರಚುವ ದೋಣಿಕೋವಿ ಆತನಿಗೆ ಪ್ರಿಯವಾಗಿತ್ತು. ಅದರಲ್ಲಿ ಧೈರ್ಯವೂ ಸಾಹಸವೂ ಇದ್ದವು ನಿಜ. ಆದರೆ ಅದು ಸಾವಿನ ಜೊತೆಗೆ ಗಾಯವನ್ನೂ ಹಂಚುವ ಆಯುಧವಾಗಿತ್ತು ಎಂಬುದನ್ನು ಮುಚ್ಚಿಡಲಾಗದು. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಮಾರುಕಟ್ಟೆಗಾಗಿ ಬಾತು ಕೊಲ್ಲುವವರ ಕೈಗೆ ಅದು ಸಿಕ್ಕಾಗ ಹಿಂಡು ಹಿಂಡೇ ಬರಿದಾದವು. 1918ರ ವಲಸೆಹಕ್ಕಿ ಕಾಯಿದೆಯೊಂದಿಗೆ ಅಲ್ಲಿ ಆ ವ್ಯಾಪಾರ ಕೊನೆಗೊಂಡಿತು. ಬ್ರಿಟನ್ನಿನಲ್ಲಿ 1981ರ ಕಾನೂನು ನಳಿಗೆಯ ಬಾಯಿ 44 ಮಿಲಿಮೀಟರಿಗಿಂತ ಅಗಲವಿರಬಾರದು ಎಂದು ಮಿತಿ ಹಾಕಿದೆ.

ತೋಟಾ ಕೋವಿ ಮತ್ತು ತರುವ ನಾಯಿ

ಫ್ರಾನ್ಸಿನ ಕಾಜಿಮಿರ್ ಲೆಫೋಶೋ 1830ರ ದಶಕದಲ್ಲಿ ರೂಪಿಸಿದ, ಬುಡದಲ್ಲಿ ಮುರಿದು ತೋಟಾ ತುಂಬುವ ಕೋವಿ 1851ರ ಲಂಡನ್ ಮಹಾಪ್ರದರ್ಶನದ ನಂತರ ಬ್ರಿಟನ್ನಿನಲ್ಲಿ ಬೇರೂರಿತು. ಮದ್ದು ಸುರಿದು ಗಜದಿಂದ ಜಡಿಯುವ ಕೆಲಸ ತಪ್ಪಿತು. ಸಿರಿವಂತರ ಎಸ್ಟೇಟುಗಳಲ್ಲಿ ಆಳುಗಳು ಹಕ್ಕಿಗಳನ್ನು ಕೋವಿಗಳತ್ತ ಅಟ್ಟಿ ತರತೊಡಗಿದರು. ಹಕ್ಕಿ ಎಲ್ಲಿದೆ ಎಂದು ತೋರಿಸುವ ಪಾಯಿಂಟರ್, ಸೆಟರ್‌ಗಳಿಗೆ ಅಲ್ಲಿ ಕೆಲಸ ಕಡಿಮೆಯಾಯಿತು. ಗದ್ದಲದ ನಡುವೆ ಕದಲದೆ ಕುಳಿತು, ಅಪ್ಪಣೆಯಾದ ಮೇಲೆ ಹೋಗಿ, ಹಲ್ಲು ನಾಟದಂತೆ ಹಕ್ಕಿಯನ್ನು ಕಚ್ಚಿ ತರುವ ನಾಯಿಗೆ ಬೆಲೆ ಬಂತು.

ಅಂಥ ನಾಯಿ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ದೋಣಿಗಳಲ್ಲಿ ಮೊದಲೇ ಇತ್ತು. ಸೇಂಟ್ ಜಾನ್ಸ್ ನಾಯಿ ಎಂದು ಕರೆಯುತ್ತಿದ್ದ, ಗಿಡ್ಡಗೂದಲಿನ ಈ ಕಪ್ಪುನಾಯಿ ಗಾಳ ಬಿಟ್ಟು ಜಾರಿದ ಮೀನನ್ನು ತಣ್ಣೀರಿನಿಂದ ಎತ್ತಿ ತರುತ್ತಿತ್ತು. ಉಪ್ಪುಮೀನಿನ ಹಡಗುಗಳಲ್ಲಿ ಅದು ಇಂಗ್ಲೆಂಡಿನ ಪೂಲ್ ಬಂದರಿಗೆ ಬಂದಿಳಿಯಿತು. ಹಾಕರ್ ಅದನ್ನು ಮೆಚ್ಚಿ ಬರೆದ. ಮಾಮ್ಸ್‌ಬರಿ ಅರ್ಲ್ ಮನೆತನ ತಳಿ ಉಳಿಸಿಕೊಂಡಿತು. 1880ರ ದಶಕದಲ್ಲಿ ಅವರಿಂದ ಬಕ್ಲೂ ಡ್ಯೂಕ್ ಮನೆತನಕ್ಕೆ ಹೋದ ನೆಡ್ ಮತ್ತು ಏವನ್ ಎಂಬ ಗಂಡುನಾಯಿಗಳು ಇಂದಿನ ಲ್ಯಾಬ್ರಡಾರ್‌ಗಳ ಮೂಲಪುರುಷರು. ಕೆನೆಲ್ ಕ್ಲಬ್ಬಿನ ಮನ್ನಣೆ 1903ರಲ್ಲಿ ಸಿಕ್ಕಿತು. ಒತ್ತಾದ ಎರಡು ಪದರದ ಕೂದಲು ಮತ್ತು ಚುಕ್ಕಾಣಿಯಂತೆ ಬಳಸುವ ದಪ್ಪ ಬಾಲ ಹಿಮನೀರಿನಲ್ಲಿ ಅದರ ಆಸ್ತಿ.

ಗೋಲ್ಡನ್ ರಿಟ್ರೀವರ್‌ನ ಹುಟ್ಟು ಇನ್ನೂ ಸ್ಪಷ್ಟವಾಗಿ ದಾಖಲಾಗಿದೆ. ಮುಂದೆ ಲಾರ್ಡ್ ಟ್ವೀಡ್‌ಮೌತ್ ಎನಿಸಿದ ಡಡ್ಲಿ ಮಾರ್ಜರಿಬ್ಯಾಂಕ್ಸ್, ಸ್ಕಾಟ್ಲೆಂಡಿನ ಗೂಸಿಕನ್ ಎಸ್ಟೇಟಿನಲ್ಲಿ 1868ರಲ್ಲಿ ನೌಸ್ ಎಂಬ ಹಳದಿ ಗಂಡನ್ನು ಟ್ವೀಡ್ ನದಿಯ ನೀರುಸ್ಪ್ಯಾನಿಯಲ್ ಬೆಲ್‌ಗೆ ಕೂಡಿಸಿದ. ರಷ್ಯಾದ ಸರ್ಕಸ್ ನಾಯಿಗಳಿಂದ ತಳಿ ಬಂತೆಂಬ ಕಥೆ ಬಹುಕಾಲ ನಡೆಯಿತು. 1952ರಲ್ಲಿ ಆತನ ನಾಯಿಮನೆಯ ದಾಖಲೆಪುಸ್ತಕದ ವಿವರ ಪ್ರಕಟವಾದಾಗ ಅದಕ್ಕೆ ತೆರೆ ಬಿತ್ತು. ಬಣ್ಣದ ಕಥೆಗಿಂತ ದಿನದಿನದ ಲೆಕ್ಕಪುಸ್ತಕ ತಳಿಯ ಚರಿತ್ರೆಗೆ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಕೋವಿಯ ಕಸುಬು ಮತ್ತು ನಾಯಿಯ ಸಾಕಣೆ ಒಬ್ಬನಲ್ಲೇ ಕೂಡಿದ್ದೂ ಉಂಟು. ನ್ಯೂಕ್ಯಾಸಲ್‌ನ ಕೋವಿ ತಯಾರಕ ವಿಲಿಯಂ ಪೇಪ್ 1859ರಲ್ಲಿ ನಡೆದ ಮೊದಲ ವ್ಯವಸ್ಥಿತ ಶ್ವಾನಪ್ರದರ್ಶನದ ಸಂಘಟಕರಲ್ಲೊಬ್ಬ. ಅಲ್ಲಿ ಪಾಯಿಂಟರ್ ಮತ್ತು ಸೆಟರ್‌ಗಳಿಗಷ್ಟೇ ಪ್ರವೇಶ, ಬಹುಮಾನವೂ ಆತನ ಕೋವಿಗಳೇ. ನಳಿಗೆಯ ತುದಿಯನ್ನು ಕೊಂಚ ಕಿರಿದಾಗಿಸಿ ಚರೆ ಚದುರದಂತೆ ಮಾಡುವ ‘ಚೋಕ್’ ವಿಧಾನಕ್ಕೂ 1866ರಲ್ಲಿ ಆತ ಪೇಟೆಂಟ್ ಪಡೆದ. 1870ರ ದಶಕದಲ್ಲಿ ಡಬ್ಲ್ಯು. ಡಬ್ಲ್ಯು. ಗ್ರೀನರ್ ಅದನ್ನು ಜನಪ್ರಿಯಗೊಳಿಸಿದ. ನಳಿಗೆಯ ಅಳತೆಯ ಲೆಕ್ಕ ಹಳೆಯದು: ಒಂದು ಪೌಂಡ್ ಸೀಸದಿಂದ ನಳಿಗೆಗೆ ಹೊಂದುವ 12 ಗುಂಡುಗಳಾದರೆ ಅದು 12 ಬೋರ್, ಸುಮಾರು 18.5 ಮಿಲಿಮೀಟರ್ ಅಗಲ. ಎತ್ತರದಲ್ಲಿ ಹಾರುವ ಹೆಬ್ಬಾತಿಗೆ 10, 8, 4 ಬೋರಿನ ಭಾರಿ ಕೋವಿಗಳೂ ಬಳಕೆಯಲ್ಲಿದ್ದವು.

ಭಾರತದಲ್ಲಿ

ವಸಾಹತು ಕಾಲದಲ್ಲಿ ಈ ಹವ್ಯಾಸ ಭಾರತದ ಸಂಸ್ಥಾನಗಳ ಕೆರೆಗಳಿಗೂ ಬಂತು. ಭರತಪುರದ ಕೇವಲಾದೇವ್ ಜೌಗಿನಲ್ಲಿ 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡ ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಹೊಡೆಯಿತು. ಇದನ್ನು ಕ್ರೀಡೆ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಆ ಜಾಗ 1985ರಿಂದ ವಿಶ್ವ ಪರಂಪರೆಯ ತಾಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು 1991ರ ತಿದ್ದುಪಡಿಯ ನಂತರ ಭಾರತದಲ್ಲಿ ಹವ್ಯಾಸದ ಬೇಟೆಗೆ ಅವಕಾಶವಿಲ್ಲ.

ಸೀಸದ ಪ್ರಶ್ನೆ

ಬ್ರಿಟನ್ನಿನ ಬೇಟೆಗಾರರು 1908ರಲ್ಲಿ ಸ್ಟ್ಯಾನ್ಲಿ ಡಂಕನ್ ಮುಂದಾಳುತನದಲ್ಲಿ ಸಂಘ ಕಟ್ಟಿಕೊಂಡು ತಮಗೆ ತಾವೇ ನಿಯಮ ಹಾಕಿಕೊಂಡರು. ಬಾತು ಬೇಟೆಗಾರನಾಗಿದ್ದ ಪೀಟರ್ ಸ್ಕಾಟ್ 1946ರಲ್ಲಿ ಸ್ಲಿಂಬ್ರಿಜ್‌ನಲ್ಲಿ ನೀರುಹಕ್ಕಿಗಳ ರಕ್ಷಣಾ ಸಂಸ್ಥೆ ಸ್ಥಾಪಿಸಿದ. ಆದರೆ ಇಬ್ಬರ ಕಾಲದಲ್ಲೂ ಕೆಸರಿನಲ್ಲಿ ಸೀಸದ ಚರೆ ಸೇರುತ್ತಲೇ ಇತ್ತು. ಮೇವು ಅರೆಯಲು ಮರಳುಕಲ್ಲು ನುಂಗುವ ಬಾತು ಚರೆಯನ್ನೂ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಸವೆದು ರಕ್ತ ಸೇರಿ ಹಕ್ಕಿಯನ್ನು ಕೊಲ್ಲುತ್ತದೆ. ಎಂಥ ನಾಯಿಯೂ ಈ ಹಕ್ಕಿಯನ್ನು ಹುಡುಕಿ ಲೆಕ್ಕಕ್ಕೆ ತರಲಾರದು. ಅಮೆರಿಕ 1991ರಲ್ಲಿ ನೀರುಹಕ್ಕಿ ಬೇಟೆಗೂ, ಡೆನ್ಮಾರ್ಕ್ 1996ರಲ್ಲಿ ಎಲ್ಲ ಬೇಟೆಗೂ ಸೀಸದ ಚರೆಯನ್ನು ನಿಷೇಧಿಸಿದವು. ಇಂಗ್ಲೆಂಡ್ 1999ರಲ್ಲಿ ನೀರುಹಕ್ಕಿಗಳಿಗೆ, ಐರೋಪ್ಯ ಒಕ್ಕೂಟ 2023ರಲ್ಲಿ ಜೌಗುಪ್ರದೇಶಗಳಿಗೆ ನಿಷೇಧ ತಂದವು.

ಬದಲಿಗೆ ಬಂದ ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.8 ಗ್ರಾಂ, ಸೀಸದ್ದು 11.3. ಹಗುರ ಚರೆ ಬೇಗ ವೇಗ ಕಳೆದುಕೊಳ್ಳುವುದರಿಂದ ದಪ್ಪ ಚರೆ ಬೇಕು, ಹಕ್ಕಿಯನ್ನು ಇನ್ನೂ ಹತ್ತಿರ ಬರಗೊಡಬೇಕು. ಅಜ್ಜನ ಕಾಲದ ತೆಳು ನಳಿಗೆಯ ಕೋವಿಗಳಿಗೆ ಉಕ್ಕು ಗಟ್ಟಿಯಾದುದರಿಂದ ಅಪಾಯಕಾರಿ. ಅವುಗಳಲ್ಲಿ ಹೆಚ್ಚು ಬೆಲೆಯ ಬಿಸ್ಮತ್ ಚರೆ ಬಳಸುತ್ತಾರೆ. ಹೀಗಾಗಿ ಕೋವಿ ಕೊಳ್ಳುವವನು ಇಂದು ಮೊದಲು ನೋಡುವುದು ನಳಿಗೆಗೆ ಉಕ್ಕಿನ ಚರೆಯ ಪರೀಕ್ಷೆಯ ಮುದ್ರೆ ಇದೆಯೇ ಎಂಬುದನ್ನು.