ವಲಯ ಗೆರೆ, ಸನ್ನದಿನ ಗಡಿಯಾರ: ಕಬ್ಬಾಳು ಸೀಮೆಯಲ್ಲಿ ಬಾರ್‌ಗಳ ರಾತ್ರಿ ವೇಳೆ

ಕರ್ನಾಟಕದಲ್ಲಿ ಬಾರ್ ಅಂಡ್ ರೆಸ್ಟೋರೆಂಟ್ ಎಲ್ಲಿರಬೇಕು ಎಂಬುದನ್ನು ಒಂದು ಬಗೆಯ ಕಾನೂನು ನಿರ್ಧರಿಸಿದರೆ, ಎಷ್ಟು ಹೊತ್ತಿಗೆ ಬಾಗಿಲು ಮುಚ್ಚಬೇಕು ಎಂಬುದನ್ನು ಇನ್ನೊಂದು ನಿರ್ಧರಿಸುತ್ತದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ತಯಾರಾಗುವ ಮಹಾಯೋಜನೆಗಳು ವಸತಿ, ವಾಣಿಜ್ಯ, ಕೃಷಿ ಎಂದು ವಲಯ ಗುರುತಿಸುತ್ತವೆ. ಮದ್ಯ ಮಾರಾಟದ ವೇಳೆಯಾದರೋ 1965ರ ಅಬಕಾರಿ ಕಾಯ್ದೆಯ ನಿಯಮಗಳಿಗೆ ಸೇರಿದ್ದು. ಹಾಗಾಗಿ ರಾತ್ರಿ ವ್ಯಾಪಾರದ ಮೇಲೆ ವಲಯ ನಿಯಮದ ಹಿಡಿತ ಪರೋಕ್ಷವಾದುದು. ಕನಕಪುರ ತಾಲ್ಲೂಕಿನ ಕಬ್ಬಾಳು ಇದಕ್ಕೆ ತಕ್ಕ ಉದಾಹರಣೆ.

ಕಬ್ಬಾಳಮ್ಮನ ದೇವಸ್ಥಾನದಿಂದಾಗಿ ಯಾತ್ರಾಸ್ಥಳವಾಗಿರುವ ಈ ಊರಿಗೆ ಮೊದಲು ಅನ್ವಯಿಸುವುದು ಅಂತರದ ನಿಯಮ. 1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳ ಪ್ರಕಾರ ಧಾರ್ಮಿಕ ಸಂಸ್ಥೆ, ಶಾಲೆ, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು. ಈ ದೂರವನ್ನು ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆಯುವುದಿಲ್ಲ. ಜನ ನಡೆದು ಹೋಗುವ ಅತಿ ಹತ್ತಿರದ ದಾರಿಯಲ್ಲಿ, ಅಂಗಡಿ ಬಾಗಿಲ ನಡುವಿನಿಂದ ಸಂಸ್ಥೆಯ ಗೇಟಿನ ನಡುವಿನವರೆಗೆ ಅಳೆಯುತ್ತಾರೆ. ಒಂದು ಓಣಿ ಸುತ್ತಿ ಬಂದರೆ ಲೆಕ್ಕವೇ ಬದಲಾದೀತು. ದೇವಸ್ಥಾನದ ಬಾಗಿಲು ಹಾಕಿದ ಹೊತ್ತಿನಲ್ಲೂ ಈ ನಿರ್ಬಂಧ ಸಡಿಲವಾಗುವುದಿಲ್ಲ.

ವೇಳೆಯ ಮಿತಿ ಸನ್ನದಿನ ದರ್ಜೆಗೆ ತಕ್ಕಂತೆ ಬೇರೆಬೇರೆ. ಕುಳಿತು ಕುಡಿಯಲು ಅವಕಾಶವಿರುವ ಸಿಎಲ್-9 ಬಾರ್‌ಗಳಿಗೆ ಸಾಮಾನ್ಯವಾಗಿ ರಾತ್ರಿ 11.30, ಬಾಟಲಿ ಒಯ್ಯಲಷ್ಟೇ ಇರುವ ಸಿಎಲ್-2 ಅಂಗಡಿಗಳಿಗೆ 10.30. ರಾಜಧಾನಿಯಲ್ಲಿ 2014ರಲ್ಲಿ ವಾರಾಂತ್ಯದ ಪ್ರಯೋಗವಾಗಿ ಶುರುವಾದ ರಾತ್ರಿ 1 ಗಂಟೆಯ ಸಡಿಲಿಕೆ 2016ರಲ್ಲಿ ಎಲ್ಲ ದಿನಗಳಿಗೂ ಬಂತು; 2024-25ರ ಬಜೆಟ್ ಅದನ್ನು ಇನ್ನೂ 10 ಮಹಾನಗರ ಪಾಲಿಕೆಗಳಿಗೆ ವಿಸ್ತರಿಸುವುದಾಗಿ ಹೇಳಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಯಾವುವೂ ಆ ಪಾಲಿಕೆಗಳ ಸಾಲಿನಲ್ಲಿಲ್ಲ. ಈ ಊರುಗಳಿರುವ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದರೂ ಅದರ ಜೊತೆಗೆ ರಾಜಧಾನಿಯ ರಾತ್ರಿ ವೇಳೆ ಬರಲಿಲ್ಲ.

ಹೆದ್ದಾರಿಯ ಕಥೆ ಬೇರೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ 500 ಮೀಟರ್ ಒಳಗೆ ಮದ್ಯ ಮಾರಾಟ ನಿಷೇಧಿಸಿತು; 2017ರ ಮಾರ್ಚ್‌ನಲ್ಲಿ 20,000ಕ್ಕಿಂತ ಹೆಚ್ಚಿಲ್ಲದ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಗೆ ಅದನ್ನು 220 ಮೀಟರಿಗೆ ಇಳಿಸಿತು; ಜುಲೈನಲ್ಲಿ ಪುರಸಭೆ, ನಗರಸಭೆಗಳ ಒಳಗಿನ ಅಂಗಡಿಗಳಿಗೆ ಈ ನಿಷೇಧ ತಗುಲದು ಎಂದು ಸ್ಪಷ್ಟಪಡಿಸಿತು. ಬೆಂಗಳೂರು–ಮೈಸೂರು ರಸ್ತೆಯುದ್ದಕ್ಕೂ ಪಟ್ಟಣಗಳು ಸಾಲಾಗಿರುವ ಈ ಸೀಮೆಗೆ ಜುಲೈ ಆದೇಶವೇ ನಿರ್ಣಾಯಕ. ಪಂಚಾಯಿತಿ ಹಳ್ಳಿಗಳಿಗೆ ಆ ರಿಯಾಯಿತಿ ತಾನಾಗಿ ಸಿಗದು.

ಸನ್ನದಿಲ್ಲದ ಡಾಬಾ, ಮಿಲಿಟರಿ ಹೋಟೆಲುಗಳಿಗೆ ಅಬಕಾರಿ ಗಡಿಯಾರ ನೇರವಾಗಿ ಅನ್ವಯಿಸುವುದಿಲ್ಲ. ಅವು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ, ಪೊಲೀಸರ ನಿಗಾಕ್ಕೆ ಒಳಪಟ್ಟವು. ಗಿರಾಕಿ ಹೊರಗಿನಿಂದ ಬಾಟಲಿ ತಂದು ಅಲ್ಲೇ ಕುಳಿತರೆ ಅಬಕಾರಿ ಕಾಯ್ದೆಯ 15-ಎ ಕಲಂ ಮುಂದೆ ಬರುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದನ್ನು ಅದು ನಿಷೇಧಿಸುತ್ತದೆ. ಹೊಲದ ಅಂಚಿನಲ್ಲಿ ಹೋಟೆಲು ಕಟ್ಟುವವರು ಮೊದಲು ಭೂಪರಿವರ್ತನೆ ಮಾಡಿಸಿಕೊಳ್ಳಬೇಕು, ಯೋಜನಾ ಪ್ರಾಧಿಕಾರದ ವ್ಯಾಪ್ತಿಯಿದ್ದರೆ ವಲಯ ಬದಲಾವಣೆಯನ್ನೂ. ವಲಯ ನಿಯಮದ ಬಿಗಿ ನಿಜವಾಗಿ ತಟ್ಟುವುದು ಇಲ್ಲಿ. ಎಲ್ಲರಿಗೂ ಸಮಾನವಾದುದು 2000ದ ಶಬ್ದಮಾಲಿನ್ಯ ನಿಯಮ: ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 55. ಸನ್ನದಿನ ವೇಳೆ ಮುಗಿಯುವ ಮೊದಲೇ ಜೋರು ಸಂಗೀತ ನಿಲ್ಲಬೇಕಾದುದು ಇದರಿಂದಲೇ.